ಔರಾದಿನ ದಾರಿಗೆ ಕೆಂಪು ಬಣ್ಣ

ಬೀದರಿನಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಮದುವೆ ಪತ್ರಿಕೆ, ಫ್ಲೆಕ್ಸು, ಬಿಲ್ ಬುಕ್ಕು ಮಾಡಿಕೊಂಡಿದ್ದವಳಿಗೆ ಊರಿನ ನಕ್ಷೆ ಮಾಡುವ ಯೋಚನೆ ತಾನಾಗಿ ಬಂದದ್ದಲ್ಲ. ಹೈದರಾಬಾದಿನಿಂದ ಬಂದಿದ್ದ ಗಂಡ ಹೆಂಡತಿ ಒಂದು ದಿನ ಬಾಡಿಗೆ ಸೈಕಲ್ಲುಗಳನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಅಷ್ಟೂರಿನ ಹಳೆಯ ಗುಮ್ಮಟಗಳಿಗೆ ದಾರಿ ಕೇಳಿದರು. ಫೋನಿನ ನಕ್ಷೆ ಅವರನ್ನು ಎರಡು ಕಡೆ ದಾರಿ ತಪ್ಪಿಸಿತ್ತು. ಒಮ್ಮೆ ಕಾವಲಿರುವ ಗೇಟಿನ ಎದುರು, ಇನ್ನೊಮ್ಮೆ ಲಾರಿಗಳು ಬಿಡುವಿಲ್ಲದೆ ಓಡುವ ಹೊರ ವರ್ತುಲ ರಸ್ತೆಯಲ್ಲಿ ಬಿಟ್ಟಿತ್ತು. ಆ ಹೆಣ್ಣುಮಗಳ ಮುಖ ಬಿಸಿಲಿಗೆ ಬಾಡಿತ್ತು. ಅಚ್ಚು ಕೆಟ್ಟಿದ್ದ ಲಗ್ನಪತ್ರಿಕೆಯೊಂದರ ಹಿಂಬದಿಗೆ ನಾನೇ ಪೆನ್ನಿನಿಂದ ದಾರಿ ಬರೆದುಕೊಟ್ಟೆ. ಊರ ನಡುವಿನ ಚೌಬಾರಾ ಗೋಪುರದಿಂದ ಹೇಗೆ ಹೊರಡಬೇಕು, ಎಲ್ಲಿ ಇಳಿಜಾರು ಶುರುವಾಗುತ್ತದೆ, ಎಲ್ಲಿ ಇಳಿದು ತಳ್ಳಿಕೊಂಡು ಹೋದರೆ ಒಳ್ಳೆಯದು ಎಂದು. ಸಂಜೆ ಅವರು ಅದೇ ಕಾಗದ ಹಿಡಿದು ಮರಳಿ ಬಂದರು. ಇಂಥದ್ದು ಅಚ್ಚಾಗಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಎಲ್ಲಿಯೂ ಸಿಗುತ್ತಿರಲಿಲ್ಲ.

ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯಲ್ಲೇ ನನ್ನ ಗೆಳತಿಯೊಬ್ಬಳಿದ್ದಾಳೆ. ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ರವಿವಾರ ಬೆಳಿಗ್ಗೆ ನಾವಿಬ್ಬರೂ ಸೈಕಲ್ಲಿನ ಮೇಲೆ ಕೋಟೆಯ ತನಕ ಹೋಗಿಬರುತ್ತಿದ್ದೆವು. ಅವಳಿಗೆ ಈ ಸಂಗತಿ ಹೇಳಿದೆ.

"ನೀನೇ ಯಾಕ ಮಾಡಬಾರದು?" ಅಂದಳು.

"ನಕ್ಷಾ ಮಾಡೋದು ನನ್ನ ಕೆಲಸೇನು?"

"ಲಗ್ನಪತ್ರಿಕಾದ ಮ್ಯಾಲ ಮದಿವಿ ಮನಿಗಿ ಹೋಗೋ ದಾರಿ ಹಾಕ್ತೀ ಇಲ್ಲ? ಇದು ಜರಾ ದೊಡ್ಡದು, ಅಷ್ಟೇ."

ಜರಾ ಅಲ್ಲ, ಬಹಳವೇ ದೊಡ್ಡದಾಗಿತ್ತು. ಯಾರು ಬೇಕಾದರೂ ಬಳಸಬಹುದಾದ ನಕ್ಷೆಯೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಅದರಲ್ಲಿ ಸೈಕಲ್ಲಿನವರಿಗೆ ಬೇಡವಾದದ್ದನ್ನೆಲ್ಲ ಅಳಿಸಿದೆ. ಉಳಿದ ಪ್ರತಿ ರಸ್ತೆಯನ್ನೂ ನಾವಿಬ್ಬರು ತುಳಿದು ನೋಡಬೇಕಿತ್ತು, ಅದೂ ಎರಡೂ ದಿಕ್ಕಿನಲ್ಲಿ. ಚೌಖಂಡಿ ಗೋರಿಯ ಕಡೆಯಿಂದ ಅಷ್ಟೂರಿಗೆ ಇಳಿಯುವಾಗ ಗಾಳಿಗೆ ದುಪಟ್ಟಾ ಹಾರುತ್ತದೆ, ಮೈ ಹಗುರಾಗುತ್ತದೆ. ಅದೇ ದಾರಿ ಮರಳಿ ಏರುವಾಗ ಬಿಸಿಲಿದ್ದರೆ ಉಸಿರು ಸಿಗುವುದಿಲ್ಲ. ಹಾಗಾಗಿ ಏರು ಇದ್ದಲ್ಲೆಲ್ಲ ಬಾಣ ಹಾಕಿದೆವು, ಕಡಿದಾದ ಏರಿಗೆ ಜೋಡಿ ಬಾಣ. ರಸ್ತೆಗಳಿಗೆ ಮೂರು ಬಣ್ಣ. ಹಸಿರು ಅಂದರೆ ಮಕ್ಕಳೂ ಹೋಗಬಹುದು, ಹಳದಿ ಅಂದರೆ ಜೋಪಾನ, ಕೆಂಪು ಅಂದರೆ ಸೈಕಲ್ ಬೇಡ. ಕುಡಿಯುವ ನೀರು, ಪಂಕ್ಚರ್ ಅಂಗಡಿ, ನೆರಳಿರುವ ಗಿಡಗಳನ್ನು ಗುರುತಿಸಿದೆವು. ಹೆಂಗಸರ ಶೌಚಾಲಯದ ವಿಷಯದಲ್ಲಿ ಗೆಳತಿ ಒಂದು ನಿಯಮ ಮಾಡಿದಳು. ನಾವೇ ಒಳಗೆ ಹೋಗಿ ಬಂದದ್ದನ್ನು ಮಾತ್ರ ನಕ್ಷೆಯಲ್ಲಿ ಹಾಕಬೇಕು, ಬೋರ್ಡು ನೋಡಿ ಹಾಕಬಾರದು. ಆ ನಿಯಮದಿಂದಾಗಿ ನಕ್ಷೆಯಲ್ಲಿ ಅವು ಬೆರಳೆಣಿಕೆಯಷ್ಟೇ ಉಳಿದವು.

ಮಡಿಕೆಯದೂ ಒಂದು ತಾಪತ್ರಯ. ಕಾಗದವನ್ನು ಜೇಬಿಗೆ ಹಿಡಿಯುವಂತೆ ಮಡಚಿದರೆ ಚೌಬಾರಾ ಸರಿಯಾಗಿ ಮಡಿಕೆಯ ಮೇಲೇ ಬರುತ್ತಿತ್ತು. ನಾಲ್ಕು ಸಲ ಬಿಚ್ಚಿದರೆ ಊರಿನ ನಡುಮಧ್ಯವೇ ಹರಿದುಹೋಗುತ್ತಿತ್ತು. ಇಡೀ ಊರನ್ನು ಎರಡು ಬೆರಳು ಎಡಕ್ಕೆ ಸರಿಸಿ ಎಲ್ಲ ಹೆಸರುಗಳನ್ನು ಮತ್ತೆ ಕೂರಿಸಬೇಕಾಯಿತು.

ಕರಡು ಸಿದ್ಧವಾಯಿತು. ಅಚ್ಚು ಹಾಕಿಸಲು ಹಣ ಎಲ್ಲಿಂದ ತರುವುದು? ಒಂದು ಕಚೇರಿಯಲ್ಲಿ ಪ್ರಸ್ತಾವನೆ ಕೊಡಿ ಎಂದರು. ಕೊಟ್ಟೆ, ಉತ್ತರ ಬರಲಿಲ್ಲ. ದೊಡ್ಡ ಲಾಡ್ಜಿನ ಮಾಲೀಕರೊಬ್ಬರು ಪೂರ್ತಿ ಖರ್ಚು ಹೊರುತ್ತೇನೆಂದರು, ಆದರೆ ನಕ್ಷೆಯಲ್ಲಿ ಅವರ ಲಾಡ್ಜು ಕೋಟೆಗಿಂತ ದೊಡ್ಡದಾಗಿ ಕಾಣಬೇಕಂತೆ. ಚಹಾ ಕುಡಿದು ಎದ್ದು ಬಂದೆ.

ಕೊನೆಗೆ ನೆನಪಾದವರು ಭಾಲ್ಕಿಯ ದಾಲ್ ಮಿಲ್ಲಿನ ಸಾವಕಾರರು. ಅವರ ಮಗಳ ಲಗ್ನಪತ್ರಿಕೆ ಮಾಡಿದ್ದು ನಾನೇ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮಿಲ್ಲಿನ ಹುಡಿಯಲ್ಲಿ ಸದಾ ಬೆಳ್ಳಗಾಗಿರುವ ಅಂಗಿ. ಕರಡನ್ನು ತೊಗರಿಯ ಚೀಲಗಳ ಮೇಲೆ ಹರಡಿ ಅವರು ಬಹಳ ಹೊತ್ತು ನೋಡಿದರು.

"ಭಾಳ ಚಂದ ಮಾಡೀರಿ ತಂಗಿ. ಆದರ ಇದರಾಗ ನಮ್ಮ ಭಾಲ್ಕಿ ಎಲ್ಲದ?"

ಇದು ಬೀದರ ನಗರದ ನಕ್ಷೆ ಎಂದೆ.

"ಬೀದರ ನೋಡ್ತಾರ, ಹೊಳ್ಳಿ ಹೋಗ್ತಾರ. ಜಿಲ್ಲಾ ಅಂದ್ರ ಬೀದರ ಒಂದೇ ಏನ್ರಿ? ನಾ ಭಾತಂಬ್ರಾದಾಂವ. ನಮ್ಮೂರಾಗೂ ಕಿಲ್ಲಾ ಅದ. ಅದರ ಗ್ವಾಡಿ ಮ್ಯಾಲ ಕುಂತು ನಾ ಅಭ್ಯಾಸ ಮಾಡೇನಿ. ದಿನಾ ಸೈಕಲ್ ಹೊಡ್ಕೊಂಡು ಭಾಲ್ಕಿ ಸಾಲಿಗಿ ಬರ್ತಿದ್ದೆ. ಯಾರರೆ ಒಬ್ಬರು ಬಂದು ನೋಡ್ಯಾರೇನು?" ನಂತರ ಮೆಲ್ಲಗೆ ಹೇಳಿದರು, "ಭಾಲ್ಕಿ, ಭಾತಂಬ್ರಾ, ಔರಾದ, ಮೂರೂ ಹಾಕ್ರಿ. ಪೂರಾ ಖರ್ಚು ನಂದು. ನನ್ನ ಹೆಸರೂ ಬ್ಯಾಡ ಅದರಾಗ. ಔರಾದದಾಗ ನಮ್ಮ ಅಕ್ಕ ಖಾನಾವಳಿ ನಡಸ್ತಾಳ. ಭಾವ ಹೋದ ಮ್ಯಾಲ ಒಬ್ಬಾಕೀನೇ ನಿಂತು ನಡಸ್ಯಾಳ. ಬರೋ ಮಂದಿ ಅಕೀ ಕೈಯಾಗ ಉಂಡು ಹೋಗ್ಲಿ."

ಮಾತಿನಲ್ಲಿ ಸುಳ್ಳು ಇರಲಿಲ್ಲ, ಆಸೆಬುರುಕತನವೂ ಇರಲಿಲ್ಲ. ನಾನು ಒಪ್ಪಿಕೊಂಡೆ. ಅವರು ಅಂದೇ ಅಚ್ಚಿನವರಿಗೆ ಫೋನು ಮಾಡಿ, ನೀರಿಗೆ ಹರಿಯದ ಕಾಗದ ತರಿಸಲು ಹೇಳಿದರು.

ಭಾಲ್ಕಿಗೆ ನಾವು ಸೈಕಲ್ಲಿನಲ್ಲಿ ಹೋದದ್ದು ಕಬ್ಬಿನ ಹಂಗಾಮಿನಲ್ಲಿ. ನೌಬಾದ ದಾಟುವವರೆಗೆ ತೊಂದರೆಯಾಗಲಿಲ್ಲ. ಆಮೇಲೆ ರಸ್ತೆಯ ಅಂಚು ಹೆದರಿಸತೊಡಗಿತು. ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ ನಾಲ್ಕು ಬೆರಳಿನಷ್ಟು ಇಳಿತ. ಹಿಂದಿನಿಂದ ಲಾರಿ ಹಾರ್ನು ಹೊಡೆದಾಗ ಆ ಅಂಚಿನಿಂದ ಕೆಳಗಿಳಿದರೆ ಚಕ್ರ ಮತ್ತೆ ಮೇಲೆ ಹತ್ತುವುದಿಲ್ಲ. ಹಲಬರ್ಗಾದಲ್ಲಿ ಗೆಳತಿಯೂ ನಾನೂ ಚಹಾಕ್ಕೆ ನಿಂತೆವು. ನಾನು ಕರಡಿನ ಮೇಲೆ ಹಳದಿ ಪೆನ್ಸಿಲಿನಿಂದ ಗೆರೆ ಎಳೆದೆ. ಅವಳು ನೋಡಿದಳು. ಚಹಾ ಮುಗಿಸಿ ಸೈಕಲ್ ಹತ್ತಿದಳು.

ಭಾಲ್ಕಿ ದಾಟಿ ಭಾತಂಬ್ರಾದ ಕಡೆ ಒಳದಾರಿಗೆ ಹೊರಳಿದ ಮೇಲೆ ಎಲ್ಲ ಮರೆತೆವು. ಎರಡೂ ಬದಿ ತೊಗರಿ, ಜೋಳ, ಅಲ್ಲಲ್ಲಿ ಬೇವು. ಕುರಿ ಹಿಂಡೊಂದು ಎದುರಾಯಿತು. ನಾಯಿಗಳು ಬೊಗಳುತ್ತ ಬಂದಾಗ ಹಿಂಡಿನ ಹಿಂದಿದ್ದ ಹೆಂಗಸು ಕೂಗಿ ಹೇಳಿದಳು: "ಇಳೀರೀ, ಇಳದು ನಡೀರಿ! ಸೈಕಲ್ ಓಡಿದ್ರ ಅವೂ ಓಡ್ತಾವ!" ಇಳಿದೆವು, ನಾಯಿಗಳು ಸುಮ್ಮನಾದವು. ನಕ್ಷೆಯಲ್ಲಿ ಆ ಜಾಗಕ್ಕೊಂದು ನಾಯಿಯ ಚಿತ್ರ ಹಾಕಿ, 'ಇಳಿದು ನಡೆಯಿರಿ' ಎಂದು ಬರೆದೆ. ಕೋಟೆಯ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡೆವು. ಸಾವಕಾರರ ಹಟ ನನಗೆ ಅಲ್ಲಿ ಅರ್ಥವಾಯಿತು.

ಇನ್ನೊಂದು ದಿನ ಹಿಡಿದ ಔರಾದಿನ ದಾರಿಯೂ ಭಾಲ್ಕಿಯ ದೊಡ್ಡ ರಸ್ತೆಯ ಹಾಗೇ ಇತ್ತು, ಕಬ್ಬಿನ ಗಾಡಿಗಳು ಮಾತ್ರ ಇನ್ನೂ ಹೆಚ್ಚು; ಅದಕ್ಕೂ ಹಳದಿಯನ್ನೇ ಹಚ್ಚಿದೆ. ಬೆಳಿಗ್ಗೆ ಬೇಗ ಹೊರಟದ್ದರಿಂದ ಹೋಗುವಾಗ ಬಚಾವಾದೆವು. ಖಾನಾವಳಿಯ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ತುಂಬು ಮೈ, ಗಟ್ಟಿ ದನಿ, ಸೆರಗನ್ನು ನಡುವಿಗೆ ಬಿಗಿದಿದ್ದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಡಿಸುತ್ತ ಬಡಿಸುತ್ತಲೇ ಮಾತು.

"ಉಂಡು ಮ್ಯಾಲ ಬರ್ರಿ, ನಿಮಗೊಂದು ತೋರಸ್ತೇನಿ."

ಮೇಲೆ ಎರಡು ಕೋಣೆಗಳಿಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಹೊಸ ಗಾದಿಗಳು, ಅವುಗಳ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಬಚ್ಚಲಿಗೆ ಬಿಸಿನೀರಿನ ವ್ಯವಸ್ಥೆ. ಕೆಳಗೆ ಹಿತ್ತಲಲ್ಲಿ ಸೌದೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಬಾಗಿಲಿಗೆ ಕೀಲಿ ಹಾಕುವಂತೆ ಮಾಡಿಸಿದ್ದರು.

"ಇದು ಸೈಕಲ್ ಇಡ್ಲಿಕ್ಕಿ. ಬಂದವರು ರಾತ್ರಿ ಫಿಕರ್ ಮಾಡಬಾರದು ನೋಡ್ರಿ. ತಮ್ಮ ಹೇಳ್ಯಾನ, ಮಂದಿ ಬರ್ಲತ್ತಾರ ಅಂತ. ಎಷ್ಟು ಮಂದಿ ಬರಬೌದ್ರಿ?"

ಮೊದಮೊದಲು ಸ್ವಲ್ಪ ಜನ, ಆಮೇಲೆ ಹೆಚ್ಚಾಗಬಹುದು ಎಂದೆ. ಅಷ್ಟಕ್ಕೇ ಅವರ ಮುಖ ಅರಳಿತು.

ಮರಳಿ ಬರುವಾಗ ಸಂತಪುರ ದಾಟಿದ್ದೆವು. ನಾನು ಮುಂದೆ, ಗೆಳತಿ ಹಿಂದೆ. ಎದುರಿನಿಂದ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಕಬ್ಬು ಎಳೆಯುತ್ತ ಬರುತ್ತಿತ್ತು. ಕಬ್ಬಿನ ತುದಿಗಳು ಎರಡೂ ಬದಿಗೆ ಚಾಚಿಕೊಂಡಿದ್ದವು. ಅದನ್ನು ಹಿಂದೆ ಹಾಕಲು ಒಂದು ಜೀಪು ನಮ್ಮ ಬದಿಗೆ ನುಗ್ಗಿತು. ನಾನು ಹೇಗೋ ಮಣ್ಣಿಗಿಳಿದು ಕಾಲೂರಿದೆ. ಹಿಂದೆ ತಗಡು ಬಿದ್ದಂಥ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಸೈಕಲ್ಲು ಡಾಂಬರಿನ ಅಂಚಿಗೆ ಬಿದ್ದಿತ್ತು, ಗೆಳತಿ ಕೆಳಗೆ ಗಟಾರದ ಕಲ್ಲುಗಳ ಮೇಲಿದ್ದಳು. ಎಡಗೈ ಮೈಯಡಿ ಸಿಕ್ಕಿತ್ತು. ಜೀಪು ನಿಲ್ಲಲಿಲ್ಲ. ಟ್ರ್ಯಾಕ್ಟರಿನವನು ನಿಲ್ಲಿಸಿ ಓಡಿಬಂದ. ನಾವಿಬ್ಬರೂ ಅವಳನ್ನು ಎತ್ತಿ ಕೂಡಿಸಿದೆವು. ಅವಳು ಅಳಲಿಲ್ಲ. "ಕೈ ಮುಟ್ಟಬ್ಯಾಡ, ಕೈ ಮುಟ್ಟಬ್ಯಾಡ" ಎಂದಷ್ಟೇ ಹೇಳುತ್ತಿದ್ದಳು. ದಾರಿಯಲ್ಲಿ ಬಂದ ಟಂಟಂ ಆಟೋ ಒಂದರಲ್ಲಿ ಅವಳನ್ನು ಕೂರಿಸಿಕೊಂಡು ಬೀದರಿನ ಆಸ್ಪತ್ರೆಗೆ ಬಂದೆ. ರಸ್ತೆಯ ಪ್ರತಿ ಗುಂಡಿಗೂ ಅವಳು ನನ್ನ ತೊಡೆಯನ್ನು ಬಲಗೈಯಿಂದ ಒತ್ತಿ ಹಿಡಿಯುತ್ತಿದ್ದಳು.

ಭುಜದ ಮುಂದಿನ ಎಲುಬು ಮುರಿದಿತ್ತು, ಮಣಿಕಟ್ಟು ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಬೇಕೆಂದು ಡಾಕ್ಟರು ಹೇಳಿದರು.

ನನ್ನ ಗಂಡ ಬಸ್ಸಿನ ಡ್ರೈವರ್. ಬೀದರ–ಔರಾದ ಮಾರ್ಗವೇ ಅವರದು. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಆಸ್ಪತ್ರೆಗೆ ಬಂದರು. ಗೆಳತಿಯನ್ನು ನೋಡಿದರು, ಅವಳ ತಾಯಿಗೆ ಧೈರ್ಯ ಹೇಳಿದರು. ನನ್ನೊಡನೆ ಮಾತಾಡಿದ್ದು ಮನೆಗೆ ಬಂದು ಕೈಕಾಲು ತೊಳೆದ ಮೇಲೆ.

"ಆ ರಸ್ತಾಕ್ಕ ಯಾವ ಬಣ್ಣ ಹಚ್ಚೀದಿ?"

"ಹಳದಿ."

"ಹಳದಿ ಅಂದ್ರೇನು?"

"ಜ್ವಾಕಿ ಅಂತ."

"ಯಾರು ಜ್ವಾಕಿ ಇರಬೇಕು? ಎದುರಿಗಿ ಕಬ್ಬಿನ ಟ್ರಾಲಿ, ಬಾಜೂಕ ಸೈಕಲ್, ನಡುವ ನಾನು. ಮೂವರಿಗಿ ಜಾಗಾ ಇಲ್ಲ ಅಲ್ಲಿ. ನೀ ಹಳದಿ ಹಚ್ಚಿದ್ರ ನನ್ನ ಬಸ್ಸು ಸಣ್ಣದಾಗ್ತದೇನು?"

 ನಾನು ಎದ್ದು ಊಟಕ್ಕೆ ಬಡಿಸಿದೆ.

ಸಾವಕಾರರು ಮರುದಿನವೇ ಹಣ್ಣಿನ ಬುಟ್ಟಿಯೊಂದಿಗೆ ಗೆಳತಿಯ ಮನೆಗೆ ಬಂದರು. ಅವಳ ಮುಂದೆ ಕೈಮುಗಿದು ಕೂತರು. ನಿಜವಾಗಿಯೂ ನೊಂದಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಬೇರೆ.

"ಒಬ್ಬರು ಬಿದ್ದರಂತ ರಸ್ತಾ ಬಿಡ್ಲಿಕ್ಕಿ ಬರ್ತದೇನ್ರಿ? ಮಂದಿ ದಿನಾ ಹೋಗ್ತಾರ. ನಕ್ಷಾದಾಗ ಹಾಕ್ರಿ, ಬಾಜೂಕ ಜ್ವಾಕಿ ಅಂತ ದಪ್ಪ ಅಕ್ಷರದಾಗ ಬರೀರಿ. ಕಾಗದ ಬಂದು ಬಿದ್ದದ. ಅಕ್ಕ ದಿನಾ ಫೋನ್ ಮಾಡಿ ಕೇಳ್ತಾಳ, ನಕ್ಷಾ ಯಾವಾಗ ಬರ್ತದ ಅಂತ."

ಔರಾದಿನ ದಾರಿಗೆ ಕೆಂಪು ಹಚ್ಚಿಬಿಡಬೇಕು ಎಂದು ನನಗೆ ಅನಿಸಿತ್ತು. ಇಡೀ ನಕ್ಷೆಯನ್ನೇ ಬಿಟ್ಟರೂ ಆದೀತು ಎಂದೂ ಅನಿಸಿತ್ತು. ಗೆಳತಿಯ ಹಾಸಿಗೆಯ ಬಳಿ ಕೂತು ಹಾಗೇ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ನನ್ನ ಕೈ ಮುರೀತಂತ ರಸ್ತಾ ಬಂದ್ ಮಾಡಬ್ಯಾಡ. ನಾ ಬೀಳದೇ ಇದ್ರ ಆ ರಸ್ತಾ ಚಲೋ ಇತ್ತೇನು? ಭಾಲ್ಕಿಗಿ ಹೋದಾಗ ಯಾರೂ ಬಿದ್ದಿಲ್ಲ, ಅದಕ್ಕ ಹಳದಿ ಹಚ್ಚೀದಿ. ಇಲ್ಲಿ ನಾ ಬಿದ್ದೆ, ಅದಕ್ಕ ಕೆಂಪು ಹಚ್ತೀ. ಇದ್ಯಾವ ನಕ್ಷಾ? ಶೌಚಾಲಯಕ್ಕ ನಿಯಮ ಮಾಡೇವಿ. ರಸ್ತಾಕ್ಕ ಯಾಕ ಮಾಡಿಲ್ಲ?"

ಅವಳ ಮಾತು ಚುಚ್ಚಿತು, ಆದರೆ ಮುಂದೇನು ಮಾಡಬೇಕೆಂಬುದೂ ಅದರಲ್ಲೇ ಇತ್ತು. ಹೆದರಿಕೆಯಿಂದಲೂ ಅಲ್ಲ, ದಾಕ್ಷಿಣ್ಯದಿಂದಲೂ ಅಲ್ಲ, ನೋಡಿ ಬಣ್ಣ ಹಚ್ಚಬೇಕಿತ್ತು. ಸೈಕಲ್ಲಿನ ಮೇಲೆ ಕೂತರೆ ಮುಂದಿನದಷ್ಟೇ ಕಾಣುತ್ತದೆ. ಹಿಂದಿನಿಂದ ಬರುವವನಿಗೆ ಏನು ಕಾಣುತ್ತದೆ ಎಂದು ತಿಳಿಯಬೇಕಾದರೆ ಅವನ ಜಾಗದಲ್ಲಿ ಕೂರಬೇಕು. ಗಂಡನಿಗೆ ಕೇಳಿದೆ, "ನಿಮ್ಮ ಬಸ್ಸಿನಾಗ ಮುಂದ ಕುಂಡ್ರಲೇನ್ರಿ?" ಅವರು ನನ್ನ ಮುಖ ನೋಡಿ, "ಟಿಕೆಟ್ ತಗೋಬೇಕು" ಅಂದರು.

ಡ್ರೈವರ್ ಪಕ್ಕದ ಸೀಟಿನಲ್ಲಿ ಕರಡನ್ನು ತೊಡೆಯ ಮೇಲೆ ಹರಡಿಕೊಂಡು ಕೂತೆ. ನಮ್ಮ ಒಪ್ಪಂದ ಸರಳವಾಗಿತ್ತು. ತಿರುವು, ಸಣ್ಣ ಸೇತುವೆ, ಎದುರು ವಾಹನ ಬಂದ ಜಾಗಗಳಲ್ಲಿ ನಾನು "ಈಗ?" ಎಂದು ಕೇಳಬೇಕು. ಆ ಕ್ಷಣ ಎಡಬದಿಗೆ ಒಂದು ಸೈಕಲ್ ಇದ್ದಿದ್ದರೆ ದಾಟಿ ಹೋಗಲು ಜಾಗ ಇತ್ತೇ, ಅದು ಮೊದಲೇ ಕಾಣುತ್ತಿತ್ತೇ ಎಂದು ಅವರು ಹೇಳಬೇಕು.

"ಈಗ?"

"ಅದ."

"ಈಗ?"

"ಇಲ್ಲ."

ಕಂಡಕ್ಟರ್ ಬಂದು, "ವೈನಿ, ಗಾಡಿ ಹೊಡೀವಾಗ ಸಾಹೇಬರ ಜೋಡಿ ಮಾತಾಡಬ್ಯಾಡ್ರಿ" ಎಂದು ತಮಾಷೆಯಾಗಿ ಗದರಿಸಿದ. ಹಿಂದಿನ ಸೀಟಿನ ಮುದುಕಿಯೊಬ್ಬಳು ನಮಗೆ ಜಗಳವಾಗಿದೆಯೆಂದೇ ತಿಳಿದಳು. ಜನವಾಡದ ತನಕ ಎರಡೂ ಉತ್ತರಗಳು ಬರುತ್ತಿದ್ದವು. ಕೌಠಾದ ಸೇತುವೆ ದಾಟಿದ ಮೇಲೆ "ಇಲ್ಲ" ಹೆಚ್ಚಾಯಿತು. ಸಂತಪುರದ ಹತ್ತಿರ ನಾನು ಕೇಳುವ ಮೊದಲೇ ಅವರು "ಇಲ್ಲ" ಎನ್ನತೊಡಗಿದರು. ಗೆಳತಿ ಬಿದ್ದ ಜಾಗ ಬಂತು. ಆ ಜಾಗಕ್ಕೆ ನಾನೇ ಗುರುತು ಹಾಕಿದೆ. ಔರಾದ ಮುಟ್ಟುವಷ್ಟರಲ್ಲಿ ಗೆರೆಯ ಮೇಲ್ಭಾಗ ಕೆಂಪು ಚುಕ್ಕೆಗಳಿಂದ ತುಂಬಿತ್ತು. ಖಾನಾವಳಿ ಬಸ್ ನಿಲ್ದಾಣದ ಎದುರಿಗೇ ಇದೆ. ನಾನು ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಕೂತು ಮರಳಿದೆ.

ಭಾಲ್ಕಿಯ ದಾರಿಯನ್ನು ಗಂಡನ ಜೊತೆಗಾರರೊಬ್ಬರ ಬಸ್ಸಿನಲ್ಲಿ ಹೀಗೆಯೇ ನೋಡಿದೆ. ಅದೂ ಕೆಂಪೇ. ಅಂದರೆ ಸಾವಕಾರರು ಕೇಳಿದ ಎರಡೂ ದಾರಿ ಹೋಯಿತು, ಅವರ ಹಣವೂ ಹೋಯಿತು ಎಂದುಕೊಳ್ಳುತ್ತ ಕೂತಿದ್ದಾಗ ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತು. ರೈಲು ಹೋಗುವುದನ್ನು ಪ್ರಯಾಣಿಕರೆಲ್ಲ ಬೇಸರದಿಂದ ನೋಡುತ್ತಿದ್ದರು. ಅದು ಭಾಲ್ಕಿಯ ಕಡೆಗೇ ಹೊರಟಿತ್ತು. ಸೈಕಲ್ಲನ್ನೂ ಅದರಲ್ಲೇ ಒಯ್ದರೆ?

ಬೀದರ ನಿಲ್ದಾಣಕ್ಕೆ ಹೋಗಿ ವಿಚಾರಿಸಿದೆ. ಸೈಕಲ್ಲನ್ನು ಸಾಮಾನಿನಂತೆ ಬುಕ್ ಮಾಡಿ ಸಾಮಾನಿನ ಡಬ್ಬಿಯಲ್ಲಿ ಹಾಕಬಹುದು, ಮೊದಲೇ ಬಂದು ಚೀಟಿ ಮಾಡಿಸಬೇಕು ಎಂದರು. ಒಂದು ದಿನ ನಾನೊಬ್ಬಳೇ ಮಾಡಿ ನೋಡಿದೆ. ಪೆಟ್ರೋಲು ಇಲ್ಲದ ಗಾಡಿಯಾದ್ದರಿಂದ ತಕರಾರು ಕಡಿಮೆ. ಭಾಲ್ಕಿಯಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಳಿದು ಹಿಂದಿನ ಡಬ್ಬಿಗೆ ಓಡಬೇಕು. ಓಡಿದೆ, ಸಿಕ್ಕಿತು, ಒಂದು ಪೆಡಲು ಮಾತ್ರ ಬಾಗಿತ್ತು. ಅಲ್ಲಿಂದ ಒಳದಾರಿಯಲ್ಲಿ ಭಾತಂಬ್ರಾಕ್ಕೆ ಹೋಗಿ ಬಂದೆ. ಅದು ಹಸಿರು ದಾರಿ. ರೈಲಿನ ವೇಳೆ ಹೊಂದದಿದ್ದರೆ ಭಾಲ್ಕಿಯಲ್ಲಿ ರಾತ್ರಿ ಉಳಿಯಬೇಕು, ಅದನ್ನೂ ಬರೆದೆ. ನಕ್ಷೆಯ ಹಿಂಬದಿಗೆ ಭಾಲ್ಕಿ ಮತ್ತು ಭಾತಂಬ್ರಾದ ಬೇರೆಯೇ ಚೌಕ ಮಾಡಿದೆ.

ಔರಾದಿಗೆ ರೈಲಿಲ್ಲ. ಬಸ್ಸಿನ ಮೇಲೆ ಹಾಕಬಹುದೇ ಎಂದು ಗಂಡನಿಗೆ ಕೇಳಿದೆ. "ಟಾಪಿನ ಮ್ಯಾಲ ಕ್ಯಾರಿಯರ್ ಇದ್ದ ಗಾಡಿ ಈಗ ಎಲ್ಲವ?" ಅಂದರು. ಟೆಂಪೋ ಬಾಡಿಗೆ ಯಾವ ಪ್ರವಾಸಿಗೂ ಹೊರೆಯಾಗುತ್ತಿತ್ತು. ಹೊಲದ ದಾರಿಗಳನ್ನು ಹುಡುಕಿದೆ, ಮಾಂಜ್ರಾ ಹೊಳೆ ಎಲ್ಲವನ್ನೂ ಅಡ್ಡಗಟ್ಟಿತ್ತು. ಸೇತುವೆಗೆ ಬರಬೇಕಾದರೆ ದೊಡ್ಡ ರಸ್ತೆಗೇ ಬರಬೇಕು. ಔರಾದಿನ ಗೆರೆಯನ್ನು ಜನವಾಡದಲ್ಲೇ ಕಡಿದು, ಆಚೆಗಿನ ಭಾಗವನ್ನು ಹಾಳೆಯಿಂದಲೇ ತೆಗೆದುಬಿಟ್ಟೆ.

ಮಿಲ್ಲಿನಲ್ಲಿ ಸಾವಕಾರರು ಹೊಸ ಕರಡನ್ನು ತಿರುವಿ ಮುರುವಿ ನೋಡಿದರು. ಭಾತಂಬ್ರಾದ ಕೋಟೆಯ ಚಿತ್ರದ ಮೇಲೆ ಅವರ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು.

"ನಮ್ಮೂರು ರೈಲಿನಾಗ ಬಂತು. ಖುಷಿ ಆಯ್ತು. ಔರಾದ?"

ನಾನು ಬಸ್ಸಿನಲ್ಲಿ ಕೂತು ನೋಡಿದ್ದೆಲ್ಲ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು. ಮಿಲ್ಲಿನ ಗದ್ದಲದಲ್ಲಿ ನಾನು ಕೂಗಿ ಹೇಳಬೇಕಾಗಿತ್ತು. ಅಂಥ ಮಾತನ್ನು ಕೂಗಿ ಹೇಳುವುದು ಕಷ್ಟ.

"ನಾ ಹೇಳಿದ ನಕ್ಷಾ ಇದಲ್ಲ," ಅಂದರು. "ಕೊಟ್ಟ ಮಾತು ಪೂರಾ ತಪ್ಪಂಗಿಲ್ಲ. ಅರ್ಧಾ ಖರ್ಚು ಕೊಡ್ತೇನಿ. ಆದರ ಅಕ್ಕಗ ನೀವೇ ಹೋಗಿ ಹೇಳ್ರಿ. ನಾ ಹೇಳಂಗಿಲ್ಲ."

ಅಕ್ಕನ ಮುಂದೆ ನಿಲ್ಲುವುದನ್ನು ಎರಡು ವಾರ ಮುಂದೂಡಿದೆ. ಕೊನೆಗೆ ಗಂಡನ ಬಸ್ಸಿನಲ್ಲೇ ಹೋದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಅಕ್ಕ ನನ್ನನ್ನು ನೋಡಿ, "ನಕ್ಷಾ ತಂದೀರಾ?" ಎಂದು ಕೈ ಒರೆಸಿಕೊಳ್ಳುತ್ತ ಬಂದರು. ಮೇಜಿನ ಮೇಲೆ ಬಿಚ್ಚಿದೆ. ಓದು ಅಷ್ಟಾಗಿ ಬರದಿದ್ದರೂ ಬೀದರಿನ ಕೋಟೆಯ ಚಿತ್ರ ಅವರಿಗೆ ಗುರುತು ಸಿಕ್ಕಿತು. ಅಲ್ಲಿಂದ ಬೆರಳನ್ನು ಮೇಲಕ್ಕೆ ಒಯ್ದರು. ಬೆರಳು ಹಾಳೆ ದಾಟಿ ಮೇಜಿನ ಮೇಲೆ ಬಂತು.

"ಔರಾದ ಎಲ್ಲದರೀ?"

"ಇಲ್ಲ ಅಕ್ಕಾ."

ರಸ್ತೆಯ ವಿಷಯ ಹೇಳಿದೆ. ಗೆಳತಿ ಬಿದ್ದದ್ದು ಅವರಿಗೆ ಗೊತ್ತಿತ್ತು. ನಾನು ಹೇಳಿ ಮುಗಿಸುವ ತನಕ ಅವರು ಹಾಳೆಯ ಅಂಚನ್ನೇ ನೋಡುತ್ತಿದ್ದರು. ಗಾದಿಗಳ ಮಾತು ತೆಗೆಯುತ್ತಾರೆ, ಖರ್ಚಿನ ಮಾತು ತೆಗೆಯುತ್ತಾರೆ ಎಂದು ನಾನು ಕಾಯುತ್ತ ಕೂತಿದ್ದೆ.

"ಆ ಹುಡುಗಿ ನನ್ನ ಮನ್ಯಾಗ ಉಂಡು ಹೋಗಿ ಬಿದ್ದಾಳ. ಆ ದಿನದಿಂದ ನನಗ ಸಮಾಧಾನಿಲ್ಲ. ಸೈಕಲ್ ಮ್ಯಾಲ ಬರಬ್ಯಾಡ್ರಿ ಅಂತೀರಿ, ಬರೋಬರ್ ಅದ. ಅದಕ್ಕ ನನ್ನ ತಕರಾರಿಲ್ಲ." ಅವರ ದನಿ ಏರಿತು. "ಆದರ ಊರ ಯಾಕ ತಗದೀರಿ? ರಸ್ತಾ ಕೆಟ್ಟದಂತ ನಮ್ಮೂರೂ ಇಲ್ಲಂತೇನು? ನೀವು ಈಗ ಹ್ಯಾಂಗ ಬಂದೀರಿ?"

"ಬಸ್ಸಿನಾಗ."

"ಮತ್ತ ಅವರಿಗೇನು ಬಸ್ ಹತ್ಲಿಕ್ಕಿ ಬರಂಗಿಲ್ಲೇನು?"

ಎಷ್ಟೋ ವಾರಗಳಿಂದ ನಾನು ಆ ಗೆರೆಯೊಂದನ್ನೇ ನೋಡುತ್ತ ಕೂತಿದ್ದೆ. ಸೈಕಲ್ ಹೋಗಲಾರದ ಊರಿಗೆ ಮನುಷ್ಯರು ಹೋಗಬಹುದೆಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಅಕ್ಕ ಎದ್ದು ಹೋಗಿ ತಾಟು ತಂದಿಟ್ಟರು. ಸಿಟ್ಟು ಇಳಿದಿರಲಿಲ್ಲ. ರೊಟ್ಟಿಯನ್ನು ತಾಟಿಗೆ ಹಾಕಿದ ಸಪ್ಪಳದಲ್ಲೇ ಅದು ಗೊತ್ತಾಗುತ್ತಿತ್ತು.

ಊರಿಗೆ ಮರಳಿ ಹಾಳೆಯ ಅಳತೆ ಹೆಚ್ಚಿಸಿ ಮತ್ತೆ ಎಲ್ಲವನ್ನೂ ಕೂಡಿಸಿದೆ. ಜನವಾಡದಾಚೆ ಔರಾದಿನ ತನಕ ಕೆಂಪು ಗೆರೆ ಎಳೆದು ಅದರ ಪಕ್ಕ ಬಸ್ಸಿನ ಚಿತ್ರ ಹಾಕಿದೆ. 'ಈ ದಾರಿಯಲ್ಲಿ ಸೈಕಲ್ ಬೇಡ. ಸೈಕಲ್ಲನ್ನು ಬೀದರಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿರಿ. ಬಸ್ ನಿಲ್ದಾಣದ ಎದುರು ಊಟ ಮತ್ತು ವಸತಿ ಇದೆ' ಎಂದು ಬರೆದೆ. ಸೈಕಲ್ ನಕ್ಷೆಯೇ ಸೈಕಲ್ ಬಿಟ್ಟು ಹೋಗಿ ಅನ್ನುವುದನ್ನು ನೋಡಿ ಅಚ್ಚಿನವರು ನಕ್ಕರು.

ಸಾವಕಾರರು ಅರ್ಧವನ್ನೇ ಕೊಟ್ಟರು. ಉಳಿದದ್ದನ್ನು ಹೊಂದಿಸಲು ಸೈಕಲ್ ಬಾಡಿಗೆಯವರು, ಚೌಬಾರಾದ ಎರಡು ಅಂಗಡಿ, ಒಂದು ಸಣ್ಣ ಹೋಟೆಲು, ಗೆಳತಿಯ ಶಾಲೆಯ ಶಿಕ್ಷಕರು ಕಟ್ಟುಗಟ್ಟಲೆ ಪ್ರತಿಗಳನ್ನು ಮೊದಲೇ ಕೊಂಡರು. ಆದರೂ ನೀರಿಗೆ ಹರಿಯದ ಕಾಗದವನ್ನು ಮರಳಿಸಿ ಸಾದಾ ಕಾಗದಕ್ಕೆ ಒಪ್ಪಬೇಕಾಯಿತು. ಮೊದಲ ಪ್ರತಿಯನ್ನು ಗೆಳತಿಗೆ ಕೊಟ್ಟೆ. ಪಟ್ಟಿ ಬಿಚ್ಚಿದ್ದರೂ ಅವಳ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಮೈದಾನದಲ್ಲಿ ಮಕ್ಕಳಿಗೆ ಗುಂಡು ಎಸೆಯುವುದನ್ನು ಬಾಯಲ್ಲಿ ಹೇಳಿ ಕಲಿಸುತ್ತಿದ್ದಳು. ನಕ್ಷೆಯನ್ನು ಬಲಗೈಯಿಂದ ಬಿಚ್ಚಲು ಹೋಗಿ ಆಗದೆ ಬಾಯಲ್ಲಿ ಒಂದು ತುದಿ ಕಚ್ಚಿ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದೆ. ಪೂರ್ತಿ ನೋಡಿ, "ಈಗ ಖರೇ ಅದ" ಅಂದಳು.

ಪ್ರತಿಗಳು ಮೆಲ್ಲಗೆ ಖರ್ಚಾಗತೊಡಗಿದವು. ಔರಾದಿಗೆ ಬಸ್ಸಿನಲ್ಲಿ ಯಾರು ಹೋದರೋ ನನಗೆ ತಿಳಿಯದು. ಅಕ್ಕನಿಗೆ ಫೋನು ಮಾಡುವ ಧೈರ್ಯವೂ ಇರಲಿಲ್ಲ.

ಒಂದು ಶನಿವಾರ ಬೆಂಗಳೂರಿನ ಯುವಕನೊಬ್ಬ ಅಂಗಡಿಗೆ ಬಂದ. ಒಳ್ಳೆಯ ಸೈಕಲ್ಲು, ಹೆಲ್ಮೆಟ್ಟು, ಕಪ್ಪು ಕನ್ನಡಕ. ನಕ್ಷೆ ಕೊಂಡು ಕೆಂಪು ಗೆರೆ ತೋರಿಸಿ, "ಇದು ಅಷ್ಟು ಕೆಟ್ಟದ್ದಾ ಮೇಡಂ?" ಎಂದ. ಎಲ್ಲವನ್ನೂ ಹೇಳಿದೆ. ಗೆಳತಿಯ ಕೈಯ ವಿಷಯವನ್ನೂ ಹೇಳಿದೆ. "ನಾನು ಇದಕ್ಕಿಂತ ಕೆಟ್ಟ ರಸ್ತೆ ನೋಡಿದ್ದೀನಿ ಬಿಡಿ," ಎಂದು ನಕ್ಕು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಸೈಕಲ್ಲು ಔರಾದಿನ ದಿಕ್ಕಿಗೇ ಹೊರಳಿತು.

ಆ ದಿನ ನಾನು ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರನ್ನು ಎರಡು ಸಲ ತಪ್ಪು ಹಾಕಿದೆ. ಗಂಡನಿಗೆ ರಜೆ ಇತ್ತು, ಮನೆಯಲ್ಲಿದ್ದರು. ಔರಾದ ಮಾರ್ಗದ ಬೇರೆ ಡ್ರೈವರುಗಳಿಗೆ ಫೋನು ಮಾಡಿ ವಿಚಾರಿಸಿದರು. ಕೌಠಾದ ಹತ್ತಿರ ನೋಡಿದೆವೆಂದು ಒಬ್ಬರು ಹೇಳಿದರು. ಆಮೇಲೆ ಯಾರೂ ನೋಡಿರಲಿಲ್ಲ. ಹೊತ್ತು ಇಳಿಯುತ್ತ ಬಂತು. ಅಂಗಡಿಯ ಬಾಗಿಲು ಎಳೆಯುವಾಗ ಫೋನು ಬಂತು. ಖಾನಾವಳಿಯ ಅಕ್ಕ.

"ನಿಮ್ಮ ನಕ್ಷಾದ ಮನಷಾ ಒಬ್ಬ ಬಂದಾನ್ರಿ. ಸೈಕಲ್ ಮ್ಯಾಲ."

"ಹ್ಯಾಂಗ ಅದಾನ ಅಕ್ಕಾ?"

"ಮೊಣಕೈ ಕೆತ್ಯಾವ. ಟ್ರಾಲಿ ಕಬ್ಬು ಹೊಡದದಂತ. ಅರಿಶಿಣ ಹಚ್ಚೇನಿ, ರೊಟ್ಟಿ ಉಣ್ಲತ್ತಾನ. ಮ್ಯಾಲಿನ ಖೋಲಿ ಕೊಟ್ಟೇನಿ. ಸೈಕಲ್ ಮಾತ್ರ ಹಿತ್ತಲ ಖೋಲ್ಯಾಗ ಇಟ್ಟು ಕೀಲಿ ಹಾಕೇನಿ. ನಾಳಿ ಹೊಡ್ಕೊಂಡು ಹೊಳ್ಳಿ ಹೋಗ್ತೇನಿ ಅಂತಾನ. ಕೊಡಂಗಿಲ್ಲ ಅಂದೇನಿ. ತಮ್ಮನ ಮಿಲ್ಲಿನ ಟೆಂಪೋ ಸೋಮವಾರ ಇಲ್ಲಿಗಿ ಬಂದು ಬೀದರಿಗಿ ಹೋಗ್ತದ, ಅದರಾಗ ಸೈಕಲ್ ಬರ್ತದ. ಅಂವ ಮುಂಜಾನಿ ಬಸ್ಸಿಗಿ ಬರ್ತಾನ. ಭಾಳ ಸಿಟ್ಟಿಗೆದ್ದಾನ. ತಗೋರಿ, ನೀವೇ ಮಾತಾಡ್ರಿ."

ಫೋನು ಕೈ ಬದಲಾಯಿತು. ಆ ಯುವಕನ ದನಿಯಲ್ಲಿ ಬೆಳಗಿನ ನಗು ಇರಲಿಲ್ಲ.

"ಮೇಡಂ, ನನ್ನ ಸೈಕಲ್ ಕೊಡೋಕೆ ಹೇಳಿ ಇವರಿಗೆ. ಇದೇನಿದು, ಗೆಸ್ಟ್‌ನ ಸೈಕಲ್‌ಗೆ ಯಾರಾದ್ರೂ ಬೀಗ ಹಾಕ್ತಾರಾ?"

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. 

"ಕೀಲಿ ಅವರ ಹತ್ತಿರ ಇದೆ," ಅಂದೆ. "ನೀವು ಊಟ ಮುಗಿಸಿ."